ಅರ್ಧ ಪಾಲಿನ ಮನೆಗಾಡಿ

ಆ ಮನೆಯಲ್ಲಿ ಕೂತ ಕುರ್ಚಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಹಳೆಯ ಮೇಜು, ಕುರ್ಚಿ, ಮಂಚಗಳನ್ನು ಕೊಂಡು, ತಿಕ್ಕಿ, ಪಾಲಿಶ್ ಹಾಕಿ ಮಾರುವುದು ಗಂಡನ ಕಸುಬು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಇದ್ದದ್ದು ಗಿರಾಕಿಗೆ ಹಿಡಿಸದಿದ್ದರೆ ಅವನು ಪರದೆ ಸರಿಸಿ ಮನೆಯಲ್ಲಿ ಇದ್ದದ್ದನ್ನು ತೋರಿಸುತ್ತಿದ್ದ. ಹೀಗೆ ಊಟದ ಮೇಜು ಊಟದ ನಡುವೆಯೇ ಎದ್ದು ಹೋದದ್ದುಂಟು. ಮಗಳು ಪರೀಕ್ಷೆಗೆ ಓದುತ್ತಿದ್ದ ಮೇಜು, ಪುಸ್ತಕಗಳನ್ನಷ್ಟೇ ನೆಲಕ್ಕಿಳಿಸಿ, ಲಾರಿ ಹತ್ತಿದ್ದುಂಟು. ಬೀದಿಯವರು ಅವನನ್ನು ಸಾಹುಕಾರ ಎನ್ನುತ್ತಿದ್ದರು. ಸಾಹುಕಾರಿಕೆ ಎಷ್ಟಿತ್ತೋ ದೇವರೇ ಬಲ್ಲ, ಮಾತಿಗಂತೂ ಬಡತನವಿರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಗಂಡನೊಬ್ಬನನ್ನು ಬಿಟ್ಟು ಇಡೀ ಬೀದಿಗೆ ಅವಳು ಸಿಸ್ಟರ್. ಒಮ್ಮೆ ರಾತ್ರಿ ಪಾಳಿ ಮುಗಿಸಿ, ಕಾಲೆಳೆಯುತ್ತ ಮನೆಗೆ ಬಂದರೆ ಮಲಗುವ ಕೋಣೆಯಲ್ಲಿ ಮಂಚವೇ ಇಲ್ಲ. ಹಾಸಿಗೆ ಗೋಡೆಗೊರಗಿ ನಿಂತಿತ್ತು.

"ಒಳ್ಳೆ ಬೆಲೆ ಬಂತು ಇವಳೇ, ಬಿಡೋಕೆ ಮನಸ್ಸಾಗಲಿಲ್ಲ," ಎಂದಿದ್ದ ಗಂಡ.

ಅವಳು ಹಾಸಿಗೆಯನ್ನು ನೆಲಕ್ಕೆ ಕೆಡವಿ ಮಲಗಿಬಿಟ್ಟಿದ್ದಳು. ಜಗಳವಾಡಲು ಬಾಯಿಲ್ಲದವಳಲ್ಲ. ಅಂಗಡಿಯ ಮಾಲು ಅಂಗಡಿಗೆ ಹೋಯಿತು, ಅದರಲ್ಲಿ ತನ್ನ ಹಕ್ಕೇನು ಎಂಬ ಒಂದು ಮಾತು ಅವಳ ನಾಲಿಗೆಯನ್ನು ವರ್ಷಗಟ್ಟಲೆ ಕಟ್ಟಿಹಾಕಿತ್ತು.

ನಿವೃತ್ತಿಯ ಹಣ ಕೈಗೆ ಬಂದ ವಾರ ಅವಳು ಗಂಡನ ಮುಂದೆ ಟೀ ಇಟ್ಟು ಹೇಳಿದಳು: "ನನಗೊಂದು ಮನೆಗಾಡಿ ಬೇಕು. ಮಂಚ, ಒಲೆ, ನಲ್ಲಿ ಎಲ್ಲ ಒಳಗೇ ಇರೋದು. ಇಷ್ಟು ವರ್ಷ ಬೇರೆಯವರ ಹಾಸಿಗೆ ಸುತ್ತ ನಾನು ಓಡಾಡಿದ್ದಾಯ್ತು. ಇನ್ನು ನನ್ನ ಹಾಸಿಗೇನೇ ಓಡಾಡ್ಲಿ."

ಗಂಡ ಬೇಡವೆನ್ನುತ್ತಾನೆ ಎಂದುಕೊಂಡಿದ್ದಳು. ಅವನ ಕಣ್ಣು ಹೊಳೆಯಿತು. "ತಗೊಳ್ಳೋಣ. ಆದ್ರೆ ನಾಳೆ ಮಾರೋದನ್ನ ತಲೇಲಿಟ್ಕೊಂಡು ಇವತ್ತು ತಗೋಬೇಕು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ. ಕೂಸನ್ನ ದತ್ತು ಕೊಡೋಕೆ ಮನೆ ಹುಡುಕೋರನ್ನ ಇವತ್ತೇ ನೋಡಿದ್ದು."

"ನಗು ನೀನು. ಗಾಡಿ ಅಂದ್ಮೇಲೆ ಒಂದಲ್ಲ ಒಂದಿನ ಮಾರಲೇಬೇಕು. ಆಗ ಕೈ ಸುಟ್ಕೋಬಾರದು."

"ಸರಿ. ಆರಿಸೋದು ನಿಮ್ಮಿಷ್ಟ. ದುಡ್ಡು ಮಾತ್ರ ಅರ್ಧ ನಂದು, ಅರ್ಧ ನಿಮ್ದು. ಒಬ್ಬರು ಒಪ್ಪದೆ ಇನ್ನೊಬ್ಬರು ಮಾರೋ ಹಾಗಿಲ್ಲ."

ಅವನು ತಲೆಯಾಡಿಸಿದ. ಗಿರಾಕಿಯೇ ಇಲ್ಲದಾಗ ಅಂಥ ಮಾತಿಗೆ ಒಪ್ಪಲು ಏನು ಕಷ್ಟ?

ಊರಾಚೆ, ಬಳಸಿದ ಗಾಡಿಗಳ ವ್ಯಾಪಾರಿಯೊಬ್ಬನ ಬಯಲಿನಲ್ಲಿ ಮನೆಗಾಡಿಗಳು ಸಾಲಾಗಿ ನಿಂತಿದ್ದವು. ಹೆಂಡತಿಯ ಕಣ್ಣು ಕಡುನೀಲಿಯದೊಂದರ ಮೇಲೆ ಬಿತ್ತು. ಹಿಂದಿನ ಒಡೆಯ ಕೈಯಾರೆ ಮರಗೆಲಸ ಮಾಡಿದ್ದ. ಒಳಗೆ ಹಡಗಿನ ಕೋಣೆಯಂತೆ ದುಂಡು ಬಾಗಿಲುಗಳು, ಮೂಲೆಯಲ್ಲಿ ಜೋಲಿ. ಗಂಡ ಒಳಗೆ ಹೋಗಿ ಒಂದು ಸುತ್ತು ಬಂದ.

"ಚೆನ್ನಾಗಿದೆ. ಆದ್ರೆ ಇದು ಅವನ ಅಳತೆಗೆ ಹೊಲಿಸಿದ ಅಂಗಿ. ಅದೇ ಮೈಕಟ್ಟಿನವನು ಇನ್ನೊಬ್ಬ ಸಿಗೋವರೆಗೂ ನಾವು ಕಾಯ್ತಾ ಕೂರ್ಬೇಕು."

ಹೇಳುತ್ತಲೇ ಕಿಟಕಿಯ ಕೆಳಗಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದ. ಗೋಡೆ ಹಳೆಯ ಬ್ರೆಡ್ಡಿನಂತೆ ಒಳಕ್ಕೆ ಹೋಯಿತು. "ನೀರಿಳಿದಿದೆ," ಎಂದ. ವ್ಯಾಪಾರಿ ಆಕಾಶ ನೋಡಿದ.

ಆಮೇಲೆ ಬಿಳಿಯದೊಂದರ ಸರದಿ. ಎಲ್ಲರಿಗೂ ಒಪ್ಪುವಂಥ ಬಣ್ಣ, ಗೇರ್ ಬದಲಿಸುವ ಗೋಜಿಲ್ಲದ ಎಂಜಿನ್, ಮಡಚಿ ಬಿಚ್ಚುವ ರಗಳೆಯಿಲ್ಲದ ಮಂಚ. ಅವನು ಕಪಾಟುಗಳಿಗೆ ತಲೆ ತೂರಿಸಿ ಮೂಸಿದ. ನೆಲಕ್ಕೆ ಬೆನ್ನು ಕೊಟ್ಟು ಗಾಡಿಯಡಿಗೆ ತೆವಳಿ ತುಕ್ಕು ಹುಡುಕಿದ. ಸೂರಿನ ಅಂಚಿನ ರಬ್ಬರನ್ನು ಉಗುರಿನಿಂದ ಕೆರೆದು ನೋಡಿದ. "ಇಂಥದ್ದನ್ನ ಕೊಳ್ಳೋರು ನಮ್ಮ ವಯಸ್ಸಿನವರೇ," ಎಂದು ಪಿಸುಗುಟ್ಟಿದ, "ಅವರ ಮೊಣಕಾಲಿಗೆ ಕ್ಲಚ್ ಆಗಿ ಬರಲ್ಲ." ವ್ಯಾಪಾರಿಯೊಡನೆ ಅಳೆದೂ ಸುರಿದೂ ಮಾತು ಮುಗಿಸುವ ಹೊತ್ತಿಗೆ ಆ ಮನುಷ್ಯ ಎರಡು ಸಲ ಬೆವರೊರೆಸಿಕೊಂಡಿದ್ದ. ಬಟ್ಟೆಯೆಲ್ಲ ಮಣ್ಣಾಗಿ ಎದ್ದು ನಿಂತ ಗಂಡನನ್ನು ಕಂಡು ಅವಳಿಗೆ ಹೆಮ್ಮೆಯೇ ಆಯಿತು. ಇವನ ಕಸುಬು ಇವನಿಗೆ ಗೊತ್ತು, ಅದನ್ನು ಇಲ್ಲವೆನ್ನುವಂತಿರಲಿಲ್ಲ.

ರಗಳೆ ಶುರುವಾದದ್ದು ಹೊರಟ ಮೇಲೆ. ಸೀಟಿಗೆ, ಹಾಸಿಗೆಗೆ, ಮೇಜಿಗೆ, ಕೊನೆಗೆ ನಲ್ಲಿಯ ಹಿಡಿಗೂ ಅವನು ಪ್ಲಾಸ್ಟಿಕ್ ಸುತ್ತಿದ್ದ. ಒಲೆ ಹೊತ್ತಿಸುವಂತಿಲ್ಲ, ಕಪಾಟಿಗೆ ವಾಸನೆ ಹಿಡಿಯುತ್ತದೆ. ಚಪ್ಪಲಿ ಹೊರಗೆ, ಒದ್ದೆ ಟವೆಲ್ ಹೊರಗೆ, ಊಟವೂ ಹೊರಗೆ. ಮೊದಲ ದಿನ ಇಬ್ಬರೂ ಗಾಡಿಯ ಪಕ್ಕ ನಿಂತು, ಬಸ್ಸಿಗೆ ಕಾಯುವವರ ಹಾಗೆ, ತಣ್ಣಗಿನ ಬ್ರೆಡ್ ತಿಂದರು. ಬೆಳಿಗ್ಗೆ ಎದ್ದಾಗ ಅವಳ ಬೆನ್ನಿಗೆ ಪ್ಲಾಸ್ಟಿಕ್ ಅಂಟಿಕೊಂಡು ಬಂತು.

ಅವಳು ತನ್ನ ಕೈಚೀಲದಿಂದ ಬ್ಯಾಂಡೇಜಿನ ಕತ್ತರಿ ತೆಗೆದಳು. ಹಾಸಿಗೆಯ ನಡುಮಧ್ಯಕ್ಕೆ ಇಟ್ಟು, ಗಾಯದ ಪಟ್ಟಿ ಬಿಡಿಸುವಷ್ಟೇ ನಾಜೂಕಾಗಿ, ತಲೆಯಿಂದ ಕಾಲಿನವರೆಗೆ ಕತ್ತರಿಸುತ್ತ ಹೋದಳು.

"ಏನ್ ಮಾಡ್ತಿದ್ದೀಯ?"

"ನನ್ನರ್ಧ ಬಿಚ್ತಾ ಇದ್ದೀನಿ. ನಿಮ್ಮರ್ಧ ಮುಟ್ಟಿಲ್ಲ."

ಹಾಸಿಗೆಯಾದ ಮೇಲೆ ಮೇಜು, ಮೇಜಾದ ಮೇಲೆ ಅವಳ ಕಡೆಯ ಸೀಟು. ಒಲೆ ತನ್ನ ಪಾಲು, ಸಿಂಕು ಅವನ ಪಾಲು ಎಂದು ತೀರ್ಪು ಕೊಟ್ಟು ಈರುಳ್ಳಿ ಹುರಿಯತೊಡಗಿದಳು. ಗಂಡ ಮೂಗು ಮುರಿದ, ಮುನಿಸಿಕೊಂಡ, ಅರ್ಧ ದಿನ ಮಾತು ಬಿಟ್ಟ. ಮರುರಾತ್ರಿಗಾಗಲೇ ತನ್ನ ಪಾಲಿನ ಚರಚರ ಸದ್ದು ತಾಳಲಾರದೆ ಮೆಲ್ಲಗೆ ಅವಳ ಪಾಲಿಗೆ ಉರುಳಿ ಬಂದ. ಅವಳು ಜಾಗ ಕೊಟ್ಟಳು.

ಗಿರಾಕಿ ಬಂದದ್ದು ಕೆರೆಯ ದಂಡೆಯಲ್ಲಿ. ಅಲ್ಲಿ ಇನ್ನೂ ಕೆಲವು ಗಾಡಿಗಳು ಬೀಡುಬಿಟ್ಟಿದ್ದವು. ಕಟ್ಟಡಗಳ ಕಂಟ್ರಾಕ್ಟರನೊಬ್ಬ ಹೆಂಡತಿಯೊಡನೆ ಬೆಳಗಿನ ವಾಕಿಂಗಿಗೆ ಬಂದವನು ಬಿಳಿ ಗಾಡಿಯ ಮುಂದೆ ನಿಂತುಬಿಟ್ಟ. ಇಂಥದ್ದೇ ಬೇಕೆಂದು ತಿಂಗಳುಗಟ್ಟಲೆ ಹುಡುಕುತ್ತಿದ್ದನಂತೆ.

"ಮಾರ್ತೀರಾ?"

ಸಾಹುಕಾರ ಹಾಲಿನ ಪಾತ್ರೆ ಕಂಡ ಬೆಕ್ಕಿನಂತಾದ. "ಮಾರೋ ಯೋಚನೆ ಏನಿರಲಿಲ್ಲ. ಆದ್ರೂ ಕೇಳಿದ್ರಲ್ಲ, ಒಂದ್ಸಲ ನೋಡಿ."

ಅವಳು ಒಳಗೆ ಒಲೆಯ ಮುಂದಿದ್ದಳು. ತೆರೆದ ಕಿಟಕಿಯಿಂದ ಆ ಧ್ವನಿ ಬಂತು. ಪರದೆಯಾಚೆಯಿಂದ ಎಷ್ಟೋ ವರ್ಷ ಕೇಳಿದ್ದ ಅದೇ ಧ್ವನಿ. ಕಂಟ್ರಾಕ್ಟರ್ ಒಂದು ಬೆಲೆ ಹೇಳಿದ, ಗಂಡ ನಕ್ಕ. ಇನ್ನೊಂದು ಹೇಳಿದ, ಗಂಡ ಕೆರೆಯ ಕಡೆ ತಿರುಗಿದ. ಮತ್ತೂ ಏರಿದಾಗ ಅದು ಅವರು ಕೊಟ್ಟು ತಂದದ್ದಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ಅವಳ ಕೈಯ ಸೌಟು ನಿಂತಿತು. ಒಂದು ಗಳಿಗೆಯಷ್ಟೇ. ಒಲೆ ಆರಿಸಿ, ಕೈ ಒರೆಸಿಕೊಂಡು ಹೊರಗಿಳಿದಳು.

"ನನ್ನವಳನ್ನ ಒಂದು ಮಾತು ಕೇಳ್ಬೇಕು," ಎನ್ನುತ್ತಿದ್ದ ಗಂಡ. ಮಾತು ತಪ್ಪುವವನಲ್ಲ, ಅಷ್ಟು ಒಳ್ಳೆಯತನ ಅವನಲ್ಲಿತ್ತು. ಆದರೆ ಕಣ್ಣಲ್ಲಿ ಬೇಡಿಕೆ ಕುಣಿಯುತ್ತಿತ್ತು.

ಅವಳು ಕಂಟ್ರಾಕ್ಟರನನ್ನು ಕೇಳಿದಳು, "ನಿಮ್ಮ ಕೊನೇ ಮಾತು ಅದೇನಾ?"

"ಅದೇ ತಾಯಿ."

ಗಂಡನ ಕಡೆ ತಿರುಗಿದಳು. "ಅದರಲ್ಲಿ ನಿಮ್ಮರ್ಧ ಎಷ್ಟಾಗುತ್ತೆ?"

ಅವನು ಥಟ್ಟನೆ ಹೇಳಿದ.

"ನಾನು ತಗೋತೀನಿ."

"ಏನನ್ನ?"

"ನಿಮ್ಮರ್ಧಾನ. ಮಾರೋಕೇ ಅಂತ ತಾನೇ ತಗೊಂಡಿದ್ದು? ಮಾರಿ. ಗಿರಾಕಿ ನಾನು."

ಸಾಹುಕಾರನ ಬಾಯಿ ತೆರೆದೇ ಇತ್ತು. ಪರದೆಯ ಒಳಗಿನಿಂದ ಗಿರಾಕಿ ಬಂದದ್ದು ಅವನ ಜನ್ಮದಲ್ಲೇ ಇಲ್ಲ. ಆಮೇಲೆ ನಿಧಾನವಾಗಿ ಒಳಗಿನ ವ್ಯಾಪಾರಿ ಎಚ್ಚೆತ್ತ. "ಸರಿ. ಬೆಲೆ ಅವರು ಹೇಳಿದ್ದೇ," ಎಂದ.

"ಅವರು ಕೇಳಿದ್ದು ಇಡೀ ಗಾಡಿ. ಬರೀ ಅರ್ಧಕ್ಕೆ ಯಾರು ಬರ್ತಾರೋ ಕರೀರಿ ನೋಡೋಣ."

ಕಂಟ್ರಾಕ್ಟರ್ ನಗುತ್ತ ಅಲ್ಲೇ ಇದ್ದ ಮಡಚುವ ಕುರ್ಚಿಯಲ್ಲಿ ಕೂತ. ಅವನ ಹೆಂಡತಿ ಇನ್ನೊಂದನ್ನು ಎಳೆದುಕೊಂಡಳು.

"ಬಂಪರ್ ಮೇಲೆ ಗೀರಿದೆ," ಎಂದಳು ಇವಳು.

"ಅದು ಹಿಂದಿನ ಯಜಮಾನ ಮಾಡಿದ್ದು."

"ಮೊನ್ನೆ ಪೆಟ್ರೋಲ್ ಬಂಕಲ್ಲಿ ಕಂಬಕ್ಕೆ ತಾಗಿಸಿದ್ದು ಹಿಂದಿನ ಯಜಮಾನನಾ? ಎಡಕ್ಕೆ ತಿರುಗಿದ್ರೆ ಚಮಚದ ಡ್ರಾಯರ್ ತಾನಾಗೇ ತೆರೆದುಕೊಳ್ಳುತ್ತೆ. ನಿಮ್ಮ ಪಾಲಿನ ಹಾಸಿಗೆ ಇನ್ನೂ ಪ್ಲಾಸ್ಟಿಕ್ ಒಳಗೇ ಇದೆ. ಹೇಗಿದೆಯೋ ಏನೋ, ಕಣ್ಣು ಮುಚ್ಚಿ ತಗೋಬೇಕಾ ನಾನು?"

"ಹೊಸದರ ಹಾಗಿದೆ ಅದು. ಮುಟ್ಟೇ ಇಲ್ಲ."

"ಅದು ಗೊತ್ತು ನನಗೆ. ಮಲಗೋದೆಲ್ಲ ನನ್ನ ಪಾಲಲ್ಲೇ."

ಕಂಟ್ರಾಕ್ಟರನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಗಂಡ ಸ್ವಲ್ಪ ಇಳಿಸಿದ. ಅವಳು ಇನ್ನೂ ಕಡಿಮೆಗೆ ಕೇಳಿದಳು. ಅವನು ಎದೆಗೆ ಕೈಯಿಟ್ಟುಕೊಂಡು ಮುಳುಗಿಹೋಗುತ್ತೇನೆ ಎಂದ. ಅವಳು, "ಹಾಗಾದ್ರೆ ಬೇಡ ಬಿಡಿ," ಎಂದು ತಿರುಗಿ ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಇರು, ಇರು. ಎಲ್ಲಿಗೆ ಹೊರಟೆ?"

ಅವಳು ತಿರುಗಲಿಲ್ಲ.

"ಸರಿ, ನಿನ್ನ ಮಾತೇ ಆಗ್ಲಿ."

ತನ್ನರ್ಧಕ್ಕೆ ಅವನು ಹಾಕಿದ್ದಕ್ಕಿಂತ ಹೆಚ್ಚು, ಕಂಟ್ರಾಕ್ಟರ್ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಅಲ್ಲಿಗೆ ವ್ಯಾಪಾರ ಮುಗಿಯಿತು. ಇಬ್ಬರೂ ಕೈ ಕುಲುಕಿದರು. ಮದುವೆಯಾದಾಗಿನಿಂದ ಒಬ್ಬರಿಗೊಬ್ಬರು ಕೈ ಕುಲುಕಿದ್ದು ಅದೇ ಮೊದಲು. ಅವನ ಅಂಗೈ ಒದ್ದೆಯಾಗಿತ್ತು, ಮುಖ ಮಾತ್ರ ಅರಳಿತ್ತು.

"ಇಷ್ಟು ವರ್ಷ ಇಂಥ ಗಿರಾಕೀನ ಅಡುಗೆಮನೇಲಿ ಇಟ್ಕೊಂಡಿದ್ನಾ ನಾನು?" ಎಂದ. ಆಮೇಲೆ ದನಿ ತಗ್ಗಿಸಿ, "ಆ ಮಂಚ ನಾನು ಮಾರಬಾರದಿತ್ತು, ಅಲ್ವಾ?"

"ಮಾರಬಾರದಿತ್ತು," ಎಂದಳು ಅವಳು. ಅದನ್ನು ಹೇಳಿದ ಮೇಲೆ ಮೈ ಹಗುರವಾಯಿತು.

ಬರಿಗೈಯಲ್ಲಿ ಎದ್ದ ಕಂಟ್ರಾಕ್ಟರನಿಗೆ ಸಾಹುಕಾರ ಸಮಾಧಾನ ಹೇಳಿದ. ತಾನೇ ಜೊತೆಗೆ ಬಂದು, ಗೋಡೆ ಒತ್ತಿ ನೋಡಿ, ಇದಕ್ಕಿಂತ ಒಳ್ಳೆಯದನ್ನು ಕೊಡಿಸುವುದಾಗಿ ಮಾತು ಕೊಟ್ಟ. ನಂತರ ಮಗಳಿಗೆ ಫೋನ್ ಮಾಡಿ, "ನಿಮ್ಮಮ್ಮನಿಗೇ ಗಾಡಿ ಮಾರಿದೆ ಕಣಮ್ಮ, ಅದೂ ಲಾಭಕ್ಕೆ," ಎಂದು ಕೆರೆಯ ದಂಡೆಗೆಲ್ಲ ಕೇಳುವಂತೆ ಕೊಚ್ಚಿಕೊಂಡ. ಆ ಕಡೆ ಮಗಳು ನಕ್ಕ ಸದ್ದು ಗಾಡಿಯೊಳಗೂ ಕೇಳಿಸಿತು.

ಹೆಂಡತಿ ಅಷ್ಟರಲ್ಲಿ ಉಳಿದ ಪ್ಲಾಸ್ಟಿಕ್ಕನ್ನೆಲ್ಲ ಕಿತ್ತು ಮುದ್ದೆ ಮಾಡಿ ಕಸದ ಡಬ್ಬಿಗೆ ತುರುಕಿದ್ದಳು. ಚಾಲಕನ ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಮುಂದಕ್ಕೆಳೆದುಕೊಂಡು ಕೂತು ಕೈಚಾಚಿದಳು.

"ಕೀಲಿ."

ಗಂಡ ಕೊಟ್ಟ. ಸುತ್ತು ಬಳಸಿ ಬಂದು ಅವಳ ಪಕ್ಕದ ಸೀಟಿಗೆ ಹತ್ತಿದ. ಗಾಡಿ ಕೆರೆಯ ಏರಿ ದಾಟಿ ಹೆದ್ದಾರಿ ಸೇರಿತು. ಮುಂದೆ ಬೆಟ್ಟದ ದಾರಿ ಸುತ್ತಿಕೊಂಡು ಮೇಲೇರುತ್ತಿತ್ತು. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಗಾಳಿ ಒಳನುಗ್ಗಿ ನರೆತ ಕೂದಲನ್ನು ಹಾರಿಸಿತು.

"ಎಲ್ಲಿಗೆ?" ಎಂದ ಗಂಡ.

"ಮೇಲಕ್ಕೆ," ಎಂದು ಅವಳು ಆಕ್ಸಿಲರೇಟರ್ ಒತ್ತಿದಳು.