ಬಾಳೆಗಿಡದ ಹತ್ತಿರ ಒಂದು ಫೋಟೋ

ರೇಡಾರ್ ಪ್ರಯೋಗಾಲಯದ ನಿರ್ದೇಶಕ ಕೊಸಾಸಿಯವರಿಗೆ ಎರಡು ವಿದ್ಯೆ ಚೆನ್ನಾಗಿ ಬರುತ್ತಿತ್ತು: ಬೇರೆಯವರ ಕೆಲಸವನ್ನು ತಮ್ಮದೆಂದು ಹೇಳಿಕೊಳ್ಳುವುದು, ಫೋಟೋಗೆ ನಿಲ್ಲುವುದು. ಆಂಟೆನಾ ವಿದ್ಯೆ ಮಾತ್ರ ಹತ್ತಿರವೂ ಸುಳಿದಿರಲಿಲ್ಲ. ಇದು ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದ ಇಂಜಿನಿಯರ್ ಇಮಾಸಳ ಅಭಿಪ್ರಾಯ. ನಲವತ್ತು ದಾಟಿದ ಅವಳನ್ನು ಅವರು ಇಂದಿಗೂ ಪುಟ್ಟ ಹುಡುಗಿಯನ್ನು ಕರೆಯುವಂತೆ ‘ನೆಂಗ್’ ಎನ್ನುತ್ತಿದ್ದರು; ಅವಳು ಅವರನ್ನು ಹಿರಿಯರೆಂದು ‘ಬಪಾ’ ಎನ್ನುತ್ತಿದ್ದಳು.

ಬಾಂಡುಂಗ್‌ನ ಆ ಪ್ರಯೋಗಾಲಯದಲ್ಲಿ ತಯಾರಾದ ರೇಡಾರ್ ಹಲಗೆ ತಿರುಗುವುದಿಲ್ಲ. ಅದರ ಮೈಮೇಲಿನ ನೂರಾರು ಪುಟ್ಟ ಆಂಟೆನಾಗಳು ಒಂದರ ಹಿಂದೊಂದು ಚೂರು ತಡಮಾಡಿ ದನಿಗೂಡಿಸಿದರೆ ನೋಟವೇ ಪಕ್ಕಕ್ಕೆ ವಾಲುತ್ತದೆ. ಎರಡೂ ಕಡೆ ಅರವತ್ತು ಡಿಗ್ರಿವರೆಗೆ ಕಾಣುತ್ತದೆಂದು ಕೊಸಾಸಿ ಡಂಗುರ ಸಾರಿದ್ದರು. ಆಧಾರವೇನು? ಒಂದೇ ಒಂದು ಆಂಟೆನಾವನ್ನು ಮೇಜಿನ ಮೇಲಿಟ್ಟು ಅಳೆದಿದ್ದರು. ಒಂಟಿಯಾಗಿದ್ದಾಗ ಅದು ಸರಿಯಾಗಿಯೇ ಇತ್ತು. ಸಾಲಿನಲ್ಲಿ ಕೂತರೆ ಐವತ್ತೆರಡು ಡಿಗ್ರಿಯ ಆಸುಪಾಸಿನಲ್ಲಿ ಅವೆಲ್ಲ ಅಕ್ಕಪಕ್ಕದವರೊಂದಿಗೆ ಪಿಸುಗುಡುವುದರಲ್ಲೇ ಮೈಮರೆತು ಹೊರಗೆ ಒಂದು ಮಾತೂ ಆಡುವುದಿಲ್ಲ. ಆ ದಿಕ್ಕಿಗೆ ರೇಡಾರ್ ಕುರುಡು. ಆಂಟೆನಾಗಳನ್ನು ಇನ್ನೂ ಒತ್ತೊತ್ತಾಗಿ ಕೂರಿಸಿ ಇಮಾಸ್ ಬೇರೆ ವಿನ್ಯಾಸ ಮಾಡಿಕೊಟ್ಟಳು. ಕೊಸಾಸಿ ಬಿಡಿಸಿಯೂ ನೋಡಲಿಲ್ಲ.

“ಆ ಮೂಲೇಲಿ ನಾಲ್ಕು ಡಿಗ್ರಿ ಹೋದ್ರೆ ಏನ್ ಗಂಟು ಹೋಯ್ತು, ನೆಂಗ್? ಅಲ್ಲಿ ಯಾರು ಬರ್ತಾರೆ?”

ಮೀನುಗಾರರು ಬರುತ್ತಾರೆ. ಸುಂದಾ ಜಲಸಂಧಿಯ ದಡದಲ್ಲಿ ಈ ಹಲಗೆ ನಿಂತರೆ, ದೊಡ್ಡ ಹಡಗುಗಳಿಗೆ ದಾರಿ ಹೇಳುವವರು ಆ ಮೂಲೆಯಲ್ಲಿ ದೋಣಿಯೇ ಇಲ್ಲವೆಂದು ನಂಬುತ್ತಾರೆ.

ಬಂದರಿನ ಅಧಿಕಾರಿ ಹುತಾಪೆಯಾ ಪರೀಕ್ಷೆಗೆ ಬಂದ ದಿನ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು, ಪಕ್ಕದಲ್ಲಿ ಬಟಗೊರ್ ಎಂಬ ಮೀನಿನ ತಿಂಡಿ ಕರಿಯುತ್ತಿದ್ದರು. ಹುತಾಪೆಯಾ ಹೂಂ ಎಂದರೆ ಹಲಗೆ ನೇರ ಜಲಸಂಧಿಗೆ. ರೇಡಾರಿಗೆ ಗುರುತಾಗುವ ತಗಡನ್ನು ಹಿಡಿದು ಯಾರಾದರೂ ಮೈದಾನದಲ್ಲಿ ನಡೆಯಬೇಕಿತ್ತು. ಕ್ಯಾಮೆರಾಗಳನ್ನು ಕಂಡ ಕೊಸಾಸಿ, ತಾವೇ ನಡೆಯುವುದಾಗಿ ಹೇಳಿ ಹೊಸ ಬಾಟಿಕ್ ಅಂಗಿ ನೀವಿಕೊಂಡು ಹೊರಟರು.

“ಆ ಬಾಳೆಗಿಡಗಳ ಹತ್ರ ನಿಂತ್ಕೊಳ್ಳಿ ಬಪಾ,” ಎಂದಳು ಇಮಾಸ್. “ಬೆಳಕು ಚೆನ್ನಾಗಿದೆ, ಫೋಟೋ ಒಳ್ಳೇದು ಬರತ್ತೆ.”

ಬಾಳೆಗಿಡಗಳಿದ್ದದ್ದು ಸರಿಯಾಗಿ ಐವತ್ತೆರಡರಲ್ಲಿ. ಕುರುಡು ಮೂಲೆ ಯಾವುದೆಂದು ಆ ಮಹಾಶಯರು ನೆನಪಿಟ್ಟುಕೊಂಡಿದ್ದರೆ ತಾನೆ!

ರೇಡಾರ್ ಪರದೆಯ ಮೇಲೆ ಅವರ ಚುಕ್ಕಿ ಠೀವಿಯಿಂದ ಸಾಗಿತು, ಬಾಳೆಗಿಡ ಮುಟ್ಟಿದ್ದೇ ಮಾಯವಾಯಿತು. ಹುತಾಪೆಯಾ ತಲೆಯೆತ್ತಿದರು. ಕೊಸಾಸಿ ತಗಡನ್ನು ತಲೆಯ ಮೇಲೆತ್ತಿ ಹಲ್ಲು ಕಿರಿದು ನಿಂತಿದ್ದರು. ಮತ್ತೆ ಪರದೆ ನೋಡಿದರೆ ಅಲ್ಲಿ ಏನೂ ಇರಲಿಲ್ಲ.

“ದೋಣಿಯಾಗಿದ್ರೂ ಹೀಗೇ ಸಾರ್,” ಎಂದಳು ಇಮಾಸ್.

ಹುತಾಪೆಯಾ ಬಟಗೊರ್ ತಟ್ಟೆ ಕೆಳಗಿಟ್ಟರು. ಇದಕ್ಕೆ ಪರಿಹಾರ ಉಂಟೇ ಎಂದು ಕೇಳಿದರು. ಉಂಟು, ನನ್ನ ವಿನ್ಯಾಸ ನಿರ್ದೇಶಕರ ಮೇಜಿನ ಮೇಲೆ ಧೂಳು ತಿನ್ನುತ್ತಿದೆ ಎಂದಳು. ಅದನ್ನೇ ಮಾಡಿ ತೋರಿಸಿ, ಈ ಹಲಗೆ ನನ್ನ ದಡಕ್ಕೆ ಬರಕೂಡದು ಎಂದು ಅವರು ಎದ್ದುಬಿಟ್ಟರು.

ಅಷ್ಟರಲ್ಲಿ ಕೊಸಾಸಿ ಬೆವರೊರೆಸಿಕೊಳ್ಳುತ್ತ ಬಂದರು. “ಹೇಗ್ ಕಾಣ್ತಿದ್ದೆ, ನೆಂಗ್?”

“ಕಾಣ್ಲೇ ಇಲ್ಲ, ಬಪಾ,” ಎಂದು ಇಮಾಸ್ ಪರದೆ ಆರಿಸಿದಳು.