ಸೂರಿಗೆ ಅಂಟಿದ ಖಂಡ

ಭೂಗೋಳ ನನಗೆ ಕಬ್ಬಿಣದ ಕಡಲೆ ಎಂದು ಜನ ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಕಬ್ಬಿಣದ ಕಡಲೆಯಾಗಿದ್ದರೆ ಕಟಕಟನೆ ಅಗಿದು ನುಂಗುತ್ತಿದ್ದೆ, ನನ್ನ ಹಲ್ಲು ಅಂಥವು. ಉಳಿದೆಲ್ಲ ವಿಷಯಗಳನ್ನು ನಿದ್ದೆಗಣ್ಣಲ್ಲೇ ಪಾಸು ಮಾಡಿದವನು ನಾನು. ಭೂಗೋಳದಲ್ಲಿ ಡುಮ್ಕಿ ಹೊಡೆದದ್ದು, ನನ್ನ ಬುದ್ಧಿಗೆ ಈ ಭೂಮಿ ತೀರಾ ಚಿಕ್ಕದಾಯಿತೆಂದು.

ಈ ಸಲ ಪಾಸಾದರೆ ಹಡಗಿನ ತರಬೇತಿ ಶಾಲೆಯಲ್ಲಿ ಸೀಟು. ಫೇಲಾದರೆ ಚಿಕ್ಕಪ್ಪನ ಟೈಲರ್ ಅಂಗಡಿಯಲ್ಲಿ ಜೀವಮಾನವಿಡೀ ಕಾಜಾ ಹೊಲಿಯುವುದು. ಪರೀಕ್ಷೆ ಹತ್ತಿರ ಬಂದಾಗ ಚಿಕ್ಕಪ್ಪ ನನ್ನನ್ನೂ ಪಾಠ ಹೇಳಿಕೊಡಲು ಅಕ್ಕನನ್ನೂ ಅಂಗಡಿಯ ಹಿಂದಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು.

ಆ ಕೋಣೆಯಲ್ಲಿ ಆಕಳಿಸಬೇಕಾದರೆ ಅರ್ಧ ಬಾಯಿಯನ್ನು ಕಿಟಕಿಯಾಚೆ ಇಡಬೇಕು. ಗೋಡೆ ತುಂಬ ಬಟ್ಟೆ ಥಾನುಗಳು. ನಕಾಶೆಗೆ ಜಾಗವೆಲ್ಲಿ? ಅಕ್ಕ ಒಂದು ಖಂಡದ ಬರೀ ಗೆರೆಚಿತ್ರ ಬರೆದು, ಹೆಸರಿಲ್ಲದ ಕೆಂಪು ಚುಕ್ಕೆಗಳನ್ನಿಟ್ಟು, ಸೂರಿಗೆ ಗೋಂದು ಬಳಿದು ಅಂಟಿಸಿದಳು. ನಾನು ಬಾಗಿಲ ಕಡೆ ತಲೆಯಿಟ್ಟು ಮಂಚದಲ್ಲಿ ಮಲಗುವುದು, ಅವಳು ನನ್ನ ಕಾಲ ಬಳಿ ಕಿಟಕಿಗೆ ಬೆನ್ನು ಹಾಕಿ ನಿಂತು ಗಜಕಡ್ಡಿಯಿಂದ ಚುಕ್ಕೆ ತಿವಿಯುವುದು. "ಇದೇನೋ?" "ಮರುಭೂಮಿ." "ಇದು?" "ಬಂದರು." ಪಟಪಟ ಉತ್ತರ. ಇಡೀ ಖಂಡ ನನಗೆ ಅಂಗೈ ನೆಲ್ಲಿಕಾಯಿ.

ಪರೀಕ್ಷೆಯ ಹಿಂದಿನ ಸಂಜೆ ಚಿಕ್ಕಪ್ಪ ಬಾಗಿಲು ತೆರೆದು ಇಣುಕಿದರು.

"ಕಡ್ಡಿ ಬಿಟ್ಟು ಹೇಳೋ ನೋಡೋಣ. ಮರುಭೂಮಿ ಎಲ್ಲಿದೆ?"

"ಕೆಳಗೆ, ಎಡಕ್ಕೆ."

"ಮೇಲೆ, ಬಲಕ್ಕೆ ಕಣೋ!" ಎಂದಳು ಅಕ್ಕ. ಮರುಕ್ಷಣ ಅವಳ ಮುಖ ಬಿಳುಚಿತು. ಸೂರು ನೋಡಿದಳು, ನನ್ನ ತಲೆದಿಂಬು ನೋಡಿದಳು. "ಅಯ್ಯೋ, ನಾನು ನಿಂತ ಕಡೆಯಿಂದ ನೆಟ್ಟಗಿದೆ. ನೀನು ಮಲಗಿದ ಕಡೆಯಿಂದ ತಲೆಕೆಳಗು!"

"ಇಷ್ಟು ದಿನ ಕತ್ತೆ ಕಾಯ್ತಿದ್ರಾ ಇಬ್ರೂ?" ಎಂದರು ಚಿಕ್ಕಪ್ಪ.

ದಿಂಬನ್ನು ಆಚೆ ತುದಿಗೆ ಹಾಕೋಣವೆಂದರೆ ಅಲ್ಲಿ ತಲೆಯ ಮೇಲೆ ಬರುವ ಅಟ್ಟಣಿಗೆ ಸೂರಿಗೇ ಅಡ್ಡ. ನಕಾಶೆ ಕೀಳೋಣವೆಂದರೆ ಅಕ್ಕನ ಗೋಂದು ಪ್ರಳಯಕ್ಕೂ ಜಗ್ಗದು. ಮನಸ್ಸಿನಲ್ಲೇ ತಿರುಗಿಸಿ ಕಲಿಯಲು ಹೋದೆ. ಮರುಭೂಮಿ ಎರಡಾಯಿತು, ನದಿ ಬೆಟ್ಟ ಹತ್ತಿತು. ಗೋಡೆಗಳು ಗೇಣು ಗೇಣು ಹತ್ತಿರ ಸರಿದವು. ಆಣೆ ಮಾಡಿ ಹೇಳುತ್ತೇನೆ, ಸರಿದವು.

"ಹೊಸದು ಬೇಡ, ಇರೋದೂ ಹೋಗತ್ತೆ," ಎಂದಳು ಅಕ್ಕ. "ನಾಳೆ ಕಾಗದ ತಿರುಗಿಸಿಟ್ಕೊಂಡು ಚುಕ್ಕೆ ಇಡು."

ಪರೀಕ್ಷೆಯಲ್ಲಿ ಅದೇ ಖಂಡದ ಖಾಲಿ ಗೆರೆಚಿತ್ರ ಕೊಟ್ಟರು, ಹಾಗೇ ತಿರುಗಿಸಿದೆ. ಮೇಲ್ವಿಚಾರಕರು ಬಂದು ನೆಟ್ಟಗಿಟ್ಟರು. ಮತ್ತೆ ತಿರುಗಿಸಿದೆ.

"ಹಿಂದಿನವನಿಗೆ ತೋರಿಸ್ತೀಯಾ? ಇನ್ನೊಂದ್ಸಲ ಕಾಗದ ತಿರುಗಿಸಿದ್ರೆ ಕಿತ್ಕೋತೀನಿ."

ನಕಾಶೆಯ ಅಂಕವಿಲ್ಲದೆ ಪಾಸಿಲ್ಲ. ನೆಟ್ಟಗಿದ್ದ ಆ ಖಂಡವನ್ನು ನಾನು ಹುಟ್ಟಿದಾರಭ್ಯ ಕಂಡೇ ಇರಲಿಲ್ಲ. ಬೆವರು ಇಳಿದು ಬೆಂಚಿನ ಕೆಳಗೆ ಒಂದು ಸಣ್ಣ ಸಾಗರವೇ ಆಯಿತು. ಎದ್ದೆ. ಡೆಸ್ಕನ್ನು ಸುತ್ತಿಕೊಂಡು ಮುಂದಕ್ಕೆ ಹೋಗಿ, ಕರಿಹಲಗೆಗೆ ಬೆನ್ನು ಹಾಕಿ, ನೆಲಕ್ಕೆ ಮಂಡಿಯೂರಿದೆ. ಕಾಗದ ಇದ್ದಲ್ಲೇ ಇತ್ತು. ಖಂಡ ಮಾತ್ರ ನನ್ನ ಸೂರಿನ ಖಂಡವಾಗಿತ್ತು.

"ಏನೋ ಇದು ಮಂಗಾಟ?"

"ಕಾಗದ ತಿರುಗಿಸ್ಬೇಡ ಅಂದ್ರಿ ಸಾರ್. ನಾನು ತಿರುಗ್ಬಾರ್ದು ಅಂದ್ರಾ?"

ಅವರು ಕೈಯಲ್ಲಿದ್ದ ನಿಯಮದ ಹಾಳೆ ತಿರುವಿದರು. ನಿಯಮದಲ್ಲಿ ಅಂಥದ್ದು ಇರಲಿಲ್ಲವೇನೋ. "ಚುಕ್ಕೆ ಇಟ್ಟು ಎದ್ದು ಹೋಗು ಮಾರಾಯ. ಹೆಸರು ಮಾತ್ರ ನಿನ್ನ ಬೆಂಚಲ್ಲಿ ಕೂತೇ ಬರಿ. ಪರೀಕ್ಷಕರೇನು ಬಾವಲಿಗಳಲ್ಲ."

ಪಾಸಾಗಲು ಬೇಕಾದದ್ದಕ್ಕಿಂತ ಒಂದೇ ಅಂಕ ಜಾಸ್ತಿ ಬಂತು. ಅದನ್ನು ಯಾರಾದರೂ ಬಡವನಿಗೆ ಕೊಡಿ ಎಂದು ಪರೀಕ್ಷಾ ಮಂಡಳಿಗೆ ಬರೆಯುತ್ತೇನೆಂದೆ. ಅಕ್ಕ ಅಳುತ್ತಲೇ ನನ್ನ ಬಾಯಿ ಮುಚ್ಚಿದಳು.