ಹಾಲವ್ವನ ಸಂಡಿಗೆ, ನನ್ನ ಹೊಗೆ

ಮಾಗಿಯ ಒಂದು ಬೆಳಗಿನ ಜಾವ, ಕಾರ್ಖಾನೆಯ ಹೊರಗೆ ಇನ್ನೂ ಮಂಜು ಕವಿದಿರುವಾಗ, ನನ್ನ ಹೊಟ್ಟೆಗೆ ಮೊದಲ ಸಲ ಡೀಸೆಲ್ ಸುರಿದರು. ಕೆಮ್ಮಿದೆ, ನಡುಗಿದೆ, ಆಮೇಲೆ ಓಡಿದೆ. ಎದುರಿನ ಬಲ್ಬು ಹತ್ತಿತು. ನಾನೊಂದು ಜನರೇಟರು. ಬೆಳಕು ಕೊಡುವುದಕ್ಕೇ ಹುಟ್ಟಿದವನು ಎಂದು ಆ ಹೊತ್ತು ತಿಳಿದುಕೊಂಡೆ. ಬೆನ್ನ ಹಿಂದೆ ಏಳುತ್ತಿದ್ದ ಹೊಗೆಯನ್ನು ನಾನು ನೋಡಿರಲಿಲ್ಲ.

ಮೊದಲು ನನ್ನನ್ನು ಕೊಂಡವನು ಶಾಮಿಯಾನದ ರುದ್ರಮುನಿ. ಅವನ ಜೊತೆ ಮದುವೆ ಮನೆ, ನಾಟಕದ ಬಯಲು ಸುತ್ತಿದೆ. ಬಯಲಿನಲ್ಲಿ ನನ್ನ ಹೊಗೆ ಎತ್ತಲೋ ಹೋಗುತ್ತಿತ್ತು. ಅವನಿಗೆ ವಯಸ್ಸಾದ ಮೇಲೆ ಹರಪನಹಳ್ಳಿಯ ಕಿರಾಣಿ ಅಂಗಡಿಯ ಕೊಟ್ರೇಶಪ್ಪ ನನ್ನನ್ನು ತಂದು ಹಿತ್ತಲಲ್ಲಿ, ಮಾಳಿಗೆಯ ಮೆಟ್ಟಿಲ ಪಕ್ಕ ಕೂರಿಸಿದ.

ಅಂಗಡಿಯಲ್ಲಿ ಹಾಲು ಮೊಸರಿನ ಫ್ರಿಜ್ಜುಗಳಿದ್ದವು. ಕರೆಂಟು ಹೋದಾಗಲೆಲ್ಲ ಕೊಟ್ರೇಶಪ್ಪ ಬಂದು ನನ್ನ ಹ್ಯಾಂಡಲ್ ತಿರುಗಿಸುತ್ತಿದ್ದ. ಅವನ ಹೆಂಡತಿ ಹಾಲವ್ವ ನನ್ನ ಎದುರಿಗೇ ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದಳು. ಬೇಸಿಗೆ ಬಂದರೆ ಅಂಗಡಿಯಲ್ಲಿ ಮಾರಲು ಅಕ್ಕಿ ಸಂಡಿಗೆ ಹಾಕುತ್ತಿದ್ದಳು. ಹಿತ್ತಲಲ್ಲಿ ಒಣಗಿಸಿದರೆ ನನ್ನ ಮಸಿ ಕೂರುತ್ತಿತ್ತು. ಅದಕ್ಕೇ ಮಾಳಿಗೆಗೆ ಒಯ್ಯುತ್ತಿದ್ದಳು.

“ಸಂಡಿಗಿ ಕರ್ರಗಾದ್ರ ಯಾರ್ ಕೊಳ್ತಾರ? ನಾನಾದ್ರ ಹುಟ್ತಾನ ಕರ್ರಗ ಅದೀನಿ, ನಡೀತತಿ,” ಎಂದು ನನ್ನ ಕಡೆ ನೋಡಿ ನಗುತ್ತಿದ್ದಳು. ದಸರೆಗೆ ನನ್ನ ಹಣೆಗೆ ವಿಭೂತಿ ಬಳಿಯುತ್ತಿದ್ದವಳೂ ಅವಳೇ.

ವರ್ಷಗಳು ಉರುಳಿದವು. ನನ್ನ ಕೆಮ್ಮು ಅವಳಿಗೆ ಬಂತು. ಮೆಟ್ಟಿಲ ನಡುವೆ ಕೂತು ದಮ್ಮು ಎಳೆದುಕೊಳ್ಳುವಂತಾದಳು. ಇನ್ನು ಆ ಹೊಗೆ ಅವಳಿಗೆ ತಾಗಕೂಡದು ಎಂದು ಡಾಕ್ಟರು ಹೇಳಿದರಂತೆ. ಶಿವರಾತ್ರಿ ಕಳೆಯುತ್ತಲೇ ಕೊಟ್ರೇಶಪ್ಪ ಮಾಳಿಗೆಯ ತುಂಬ ಸೋಲಾರ್ ಹಲಗೆ ಹಾಕಿಸಿದ.

“ಇನ್ನ ಫ್ರಿಜ್ಜು, ದೀಪ, ಫ್ಯಾನು ಎಲ್ಲಾ ಬಿಸಿಲಿಂದಾನ ನಡೀತಾವ್ರಿ,” ಎಂದ, ಹಲಗೆ ಕೂರಿಸಿದ ದಾದಾಪೀರ. “ನಿಮ್ಮಂಗ ಬಜಾರದ ಅಂಗಡಿಯೋರೆಲ್ಲ ಹಾಕಿಸಿದ್ರ ಊರ ಗಾಳೀನ ಹಸನಾಕ್ಕತಿ.”

ನನ್ನ ಮೇಲೆ ಗೋಣಿಚೀಲ ಹೊದಿಸಿದರು. ನನಗೆ ಬೇಸರವಾಗಲಿಲ್ಲ. ಹಾಲವ್ವ ಹಿತ್ತಲಲ್ಲಿ ಕೂತು, ಎಷ್ಟೋ ಕಾಲದ ಮೇಲೆ, ಒಂದು ಸೋಬಾನೆ ಪದವನ್ನು ಕೆಮ್ಮದೆ ಕೊನೆತನಕ ಹಾಡಿದಳು.

ಆದರೆ ಮಾಳಿಗೆಯಲ್ಲಿ ಸಂಡಿಗೆಗೆ ಜಾಗ ಉಳಿದಿರಲಿಲ್ಲ. ಯುಗಾದಿಯಾದ ಮೇಲೆ ಅವಳು ಹಿಟ್ಟಿನ ಬೋಗುಣಿ, ಹಳೆಯ ಸೀರೆ ಹಿಡಿದು ಮೆಟ್ಟಿಲೇರಿದಳು. “ಹಲಗಿ ಮ್ಯಾಲ ಸೀರಿ ಕಟ್ಟಿ ಹಾಸಿದ್ರಾತು. ಬಿಸಿಲೇನ್ ಸವದು ಹೊಕ್ಕತೇನು?” ಎಂದು ತನಗೆ ತಾನೇ ಹೇಳಿಕೊಂಡಳು.

ಮಂಡಿ ನೋವಿನ ಕೊಟ್ರೇಶಪ್ಪ ಮಾಳಿಗೆ ಹತ್ತುವವನಲ್ಲ. ಕರೆಂಟು ಹೋದಾಗ ಫ್ರಿಜ್ಜುಗಳು ನಿಂತವು. ಹಾಲು ಒಡೆಯಿತು. ದಾದಾಪೀರನಿಗೆ ಫೋನು ಮಾಡಿದರೆ ಅವನು ದೂರದ ಊರಿನ ಕೆಲಸದಲ್ಲಿದ್ದ. “ಬಿಸಿಲು ನಂಬಿ ಕೆಟ್ವಿ,” ಎಂದು ಕೊಟ್ರೇಶಪ್ಪ ಗೋಣಿಚೀಲ ಕಿತ್ತೆಸೆದು ನನ್ನ ಹ್ಯಾಂಡಲ್ ಹಿಡಿದ.

ಆ ಬೇಸಿಗೆಯೆಲ್ಲ ಅವಳು ಸಂಡಿಗೆ ಹಾಕಿದಳು. ಆ ಬೇಸಿಗೆಯೆಲ್ಲ ನಾನು ಓಡಿದೆ. ಅವಳು ಸೀರೆ ಹಿಡಿದು ಹತ್ತುವುದನ್ನು ದಿನಾ ಕಂಡವನು ನಾನೊಬ್ಬನೇ. ಹೇಳೋಣವೆಂದರೆ ನನಗಿದ್ದ ಬಾಯಿ ಒಂದೇ, ಅದರಿಂದ ಬರುವುದು ಹೊಗೆ.

ಮುಂಗಾರು ಮೋಡ ಕಟ್ಟುವ ಹೊತ್ತಿಗೆ ದಾದಾಪೀರ ಬಂದ. ಮಾಳಿಗೆ ಹತ್ತಿದವನು ಹಿಟ್ಟಿನ ಕಲೆಯಿದ್ದ ಸೀರೆ ಹಿಡಿದು ಇಳಿದ.

“ಯಜಮಾನ್ರ, ಹಲಗಿಗೆ ಸೀರಿ ಉಡಿಸಿದ್ರ ಕರೆಂಟು ಎಲ್ಲಿಂದ ಬರಬೇಕ್ರಿ?”

ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ ಹಾಲವ್ವ ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಕೇಳಿದಳು, “ಹಂಗಾರ ನನ್ನ ಉಸುರಿಗೆ ನಾನ ಸೀರಿ ಮುಚ್ಚಿದ್ನೇನ್ರೀ?”

ಕೊಟ್ರೇಶಪ್ಪ ಸೀರೆ ತೆಗೆದುಕೊಂಡು ಅವಳ ಪಕ್ಕ ಕೂತ. “ಮಾಳಿಗಿ ನಿಂದಿತ್ತು ಹಾಲವ್ವ. ನಿನ್ನ ಒಂದ್ ಮಾತು ಕೇಳದಂಗ ಹಾಕಿಸಿದಾವ ನಾನು.”

ಅವತ್ತಿನಿಂದ ನಾನು ಓಡಲಿಲ್ಲ. ಆದರೆ ಹೋದ ಉಸಿರನ್ನು ತಿರುಗಿ ತರುವ ಹ್ಯಾಂಡಲ್ ಯಾರ ಕೈಯಲ್ಲೂ ಇಲ್ಲ.

ಈಗ ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದೇನೆ. ಬಿಸಿಲು ಮೈಮೇಲೆ ಬೀಳುತ್ತದೆ. ಯಾರಿಗೂ ಮಸಿ ಬಳಿಯದೆ ಬಂದು ಹೋಗುತ್ತದೆ. ನನ್ನನ್ನು ಇಲ್ಲಿ ಇಳಿಸುವಾಗ ದಾದಾಪೀರ ಗುಜರಿಯವನಿಗೆ ಹೇಳುತ್ತಿದ್ದ: ಅಂಗಡಿ ಪೂರಾ ಬಿಸಿಲಿನಿಂದಲೇ ನಡೆಯುತ್ತಿದೆಯಂತೆ. ಕೊಟ್ರೇಶಪ್ಪ ಹಲಗೆಗಳನ್ನು ಒತ್ತಾಗಿ ಸರಿಸಿ, ಮಾಳಿಗೆಯ ಒಂದು ಮಗ್ಗುಲು ಖಾಲಿ ಬಿಡಿಸಿದ್ದಾನಂತೆ. ಅಲ್ಲಿ ಏನನ್ನೂ ಇಡಗೊಡುವುದಿಲ್ಲವಂತೆ.

ಹಾಲವ್ವ ತೀರಿಹೋದದ್ದು ಅದೇ ಮುಂಗಾರಿನಲ್ಲಿ, ಕಾರಹುಣ್ಣಿಮೆಯ ಮರುದಿನ, ಶುಕ್ರವಾರ.